ಸೋಮನಾಥನನ್ನು ಮಲಗಿಸಿಬಿಟ್ಟಿದ್ದರು

ಗುರುಬಸಪ್ಪನವರಿಗೆ ಬೆಳಗಿನ ಕಾಫಿಗೆ ಮುಂಚೆಯೇ ಒಂದು ಸುತ್ತು ಸಿಟ್ಟು ಬಂದು ಹೋಗಿರುತ್ತಿತ್ತು. ಕುಮಾರಸ್ವಾಮಿ ಲೇಔಟಿನ ತಮ್ಮ ಮನೆಯ ಗೇಟು ತೆಗೆದರೆ ಅಡ್ಡಲಾಗಿ ಯಾರದೋ ಕಾರು. ಪೇಪರು ಬಿಡಿಸಿದರೆ ಮೊದಲ ಪುಟದಲ್ಲಿ ಸುದ್ದಿಯ ಬದಲು ಯಾವುದೋ ಅಪಾರ್ಟ್‌ಮೆಂಟಿನ ಈಜುಕೊಳ. ಹಾಲು ತರಲು ಹೊರಟರೆ ಫುಟ್‌ಪಾತಿನ ಮೇಲೆಯೇ ಸ್ಕೂಟರು ಹತ್ತಿಸಿಕೊಂಡು ಬಂದು, ಹಿಂದಿನಿಂದ ಹಾರ್ನ್ ಹೊಡೆದು, "ಅಂಕಲ್, ಸ್ವಲ್ಪ ಸೈಡು" ಅನ್ನುವ ಹುಡುಗರ ಧೈರ್ಯ.

"ನಾನು ನಿನಗೆ ಹೇಗಪ್ಪಾ ಅಂಕಲ್ ಆದೆ? ನಿಮ್ಮಪ್ಪನಿಗೆ ಅಣ್ಣನೋ, ತಮ್ಮನೋ?" ಎಂದು ಅವರು ಕೇಳುವಷ್ಟರಲ್ಲಿ ಸ್ಕೂಟರು ಮುಂದಿನ ಕ್ರಾಸ್ ದಾಟಿರುತ್ತಿತ್ತು. ಉತ್ತರ ಸಿಗದ ಆ ಪ್ರಶ್ನೆಯನ್ನು ಮನೆಗೆ ತಂದು ಹೆಂಡತಿ ಬಸವಲಿಂಗಮ್ಮನವರ ಮುಂದೆ ಇನ್ನೊಮ್ಮೆ ಕೇಳುತ್ತಿದ್ದರು. ಆಕೆ, "ಮೊದ್ಲು ಬಿಪಿ ಮಾತ್ರೆ ನುಂಗಿ, ಆಮೇಲೆ ಬೈಯೋರಂತೆ" ಎಂದು ನೀರಿನ ಲೋಟ ಮುಂದಿಡುತ್ತಿದ್ದರು.

ಹಾಗಂತ ಅವರದು ಕೆಲಸವಿಲ್ಲದ ಮುದುಕನ ಗೊಣಗಾಟ ಅಂದುಕೊಂಡರೆ ತಪ್ಪಾಗುತ್ತದೆ. ತಿಪಟೂರು ಕಡೆಯ ಹಳ್ಳಿಯಿಂದ ಬಂದು, ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಮೂವತ್ತು ವರ್ಷಕ್ಕೂ ಮೇಲೆ ನಿಂತೇ ದುಡಿದ ಜೀವ ಅದು. ಬನಶಂಕರಿ ದಾಟಿದರೆ ರಾಗಿ ಹೊಲ, ಈ ಲೇಔಟಿನಲ್ಲಿ ಬಸ್ಸು ತಿರುಗಿಸಬೇಕಾದರೆ ಕೆಳಗಿಳಿದು ಕೆಂಪು ಮಣ್ಣಿನ ದಿಣ್ಣೆ ನೋಡಿಕೊಂಡು ಸೀಟಿ ಊದಬೇಕಾಗಿದ್ದ ಕಾಲವನ್ನು ಅವರು ಕಂಡಿದ್ದರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೊಪ್ಪಿನ ಬುಟ್ಟಿಯವಳು ಇಳಿಯುವ ತನಕ ಗಂಟೆ ಹೊಡೆಯುತ್ತಿರಲಿಲ್ಲ. ಬಸುರಿ ಹೆಂಗಸು ನಿಂತಿದ್ದು ಕಾಲೇಜು ಹುಡುಗ ಕೂತಿದ್ದರೆ, "ಎದ್ದೇಳಯ್ಯಾ ದೊರೆ, ಆಯಮ್ಮ ಕೂತ್ಕೊಳ್ಳಲಿ" ಅನ್ನುತ್ತಿದ್ದರು. ಏಳದಿದ್ದರೆ ಬಸ್ಸು ಮುಂದೆ ಹೋಗುತ್ತಿರಲಿಲ್ಲ. ಈಗ ಯಲಚೇನಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಯಾರೂ ಎದ್ದು ಜಾಗ ಕೊಡುವುದಿಲ್ಲವೆಂದು ಅವರಿಗೆ ಕೋಪ. ಯಾರಾದರೂ ಎದ್ದು ಕೊಟ್ಟರೆ, ನಾನೇನು ಅಷ್ಟು ಮುದುಕನಾಗಿ ಕಾಣ್ತೀನಾ ಎಂದು ಅದಕ್ಕೂ ಕೋಪ.

ಈ ಕೋಪವನ್ನು ನಗುತ್ತಾ ಕೇಳುತ್ತಿದ್ದವನು ಒಬ್ಬನೇ, ಸೋಮನಾಥ್. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಜೆ.ಪಿ. ನಗರದ ಏಳನೇ ಹಂತದ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಮಗಳು ಜ್ಯೋತ್ಸ್ನಾಳ ಜೊತೆಗಿದ್ದ. ಪಾರ್ಕಿನಲ್ಲಿ ಪರಿಚಯವಾಗಿ, ಎರಡನೇ ವಾರಕ್ಕೇ ಇಬ್ಬರೂ ಬಹುವಚನ ಬಿಟ್ಟಿದ್ದರು. ಬೆಳಿಗ್ಗೆ ಒಂದು ಸುತ್ತು ನಡೆದು, ಉಳಿದ ಸುತ್ತುಗಳನ್ನು ಬೆಂಚಿನ ಮೇಲೆ ಕೂತು ಮಾತಿನಲ್ಲೇ ಮುಗಿಸುತ್ತಿದ್ದರು.

ಇಬ್ಬರದೂ ಲಿಂಗ ಕಟ್ಟುವ ಮನೆತನ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತವರಂತೆಯೇ ಮಣ್ಣಿಗೆ ಒಪ್ಪಿಸುತ್ತಾರೆ. ಅದಕ್ಕೆ ಅವಸರ ಬೇಕು. ಮೈ ಬೆಚ್ಚಗಿರುವಾಗಲೇ ತಿಳಿದವರು ಗೋಡೆಗೆ ಒರಗಿಸಿ ಕೂರಿಸಿಬಿಡಬೇಕು, ತಡವಾದರೆ ಕೀಲುಗಳು ಬಿಗಿದುಕೊಳ್ಳುತ್ತವೆ. ಗುರುಬಸಪ್ಪನವರ ಅಪ್ಪ ಊರಿನಲ್ಲಿ ತೀರಿಕೊಂಡಾಗ ಅಜ್ಜಿ ತನ್ನ ಮಗನಿಗಾಗಿ ಅಳುವುದಕ್ಕೂ ಮುಂಚೆ, "ಮೊದ್ಲು ಕೂರಿಸ್ರೋ" ಅಂದಿದ್ದಳು. ಅಪ್ಪನ ಮಂಡಿ ಮಡಚಿದ್ದು ಗುರುಬಸಪ್ಪನವರೇ. ಆಮೇಲೆ ಅಮ್ಮನನ್ನು, ಅಣ್ಣನನ್ನು, ಲೇಔಟಿನ ಎಷ್ಟೋ ಮನೆಯವರನ್ನು ಅವರೇ ಕೂರಿಸಿದ್ದರು.

"ಈಗೆಲ್ಲಿ ಸ್ವಾಮಿ? ಉಸಿರು ನಿಂತಿದ್ದೇ ತಡ, ಫ್ರೀಜರ್ ಪೆಟ್ಟಿಗೆಗೆ ಫೋನು. ಉದ್ದಕ್ಕೆ ಮಲಗಿಸಿ, ಕರೆಂಟು ಕೊಟ್ಟು, ಮಂಜುಗಡ್ಡೆ ಮಾಡೋದು. ಆಮೇಲೆ ಕಾಲು ಮಡಚ್ತಾ ಇಲ್ಲ ಅಂತ ಪೇಚಾಡೋದು. ನಮ್ಮವರೇ ಹೀಗೆ ಮಾಡ್ತಾರಲ್ಲ, ಇವರಿಗೆ ಏನು ಹೇಳೋಣ" ಎಂದು ಅವರು ಒಮ್ಮೆ ಬೆಂಚಿನ ಮೇಲೆ ಕೂಗಾಡಿದ್ದರು.

ಸೋಮನಾಥ್ ಅಂದು ನಗಲಿಲ್ಲ. "ಲೋ ಗುರುಬಸಪ್ಪ, ನನ್ನ ನೀನೇ ಕೂರಿಸ್ಬೇಕು ಕಣೋ" ಅಂದ. "ಜ್ಯೋತ್ಸ್ನಾಗೆ ಇದೆಲ್ಲ ಗೊತ್ತಿಲ್ಲ. ಅವಳು ಹುಟ್ಟೋ ಹೊತ್ತಿಗೆ ನಮ್ಮನೇಲಿ ಸಾಯೋರೆಲ್ಲ ಸತ್ತು ಮುಗಿದಿದ್ರು. ಅವರಮ್ಮ ಹೋದಾಗ ಆಸ್ಪತ್ರೆಯವರು ನಮಗೆ ಮೈ ಕೊಟ್ಟಿದ್ದೇ ಮಾರನೇ ದಿನ. ಮಲಗಿಸಿಯೇ ಮಣ್ಣು ಮಾಡಿದ್ವಿ. ಆವತ್ತಿಂದ ನನಗೆ ಅದೇ ಕೊರಗು."

"ನಾನೇ ಮೊದ್ಲು ಹೋದ್ರೆ?"

"ನೀನೆಲ್ಲಿ ಹೋಗ್ತೀಯ. ಯಮ ಬಂದ್ರೂ, ಗೇಟಿಗೆ ಅಡ್ಡ ಕೋಣ ಯಾಕೆ ನಿಲ್ಲಿಸ್ದೆ ಅಂತ ಜಗಳ ತೆಗೀತೀಯ. ಅವನೇ ಬೇಸತ್ತು ವಾಪಸ್ ಹೋಗ್ತಾನೆ."

ಗುರುಬಸಪ್ಪನವರು ಅವನ ಕೈ ಹಿಡಿದು, "ಆಯ್ತು, ಕೂರಿಸ್ತೀನಿ" ಎಂದು ಮಾತು ಕೊಟ್ಟರು.

ಇದೆಲ್ಲ ಆಗಿ ಬಹಳ ದಿನ ಕಳೆದ ಮೇಲೆ, ಪಾರ್ಕಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಆ ರಾದ್ಧಾಂತ ನಡೆಯಿತು. ಗುಂಪು ಕಟ್ಟಿದವನು ಪಾಪಯ್ಯ, ದೊಡ್ಡ ಕಚೇರಿಯಲ್ಲಿ ಸಾಹೇಬನಾಗಿದ್ದು ಇಳಿದವನು. ಕೆಲಸ ಬಿಟ್ಟರೂ ಸಾಹೇಬಿಕೆ ಬಿಟ್ಟಿರಲಿಲ್ಲ. ಕಂಡಕ್ಟರುಗಳು ಚಿಲ್ಲರೆ ನುಂಗಿಯೇ ಮನೆ ಕಟ್ಟಿಸುತ್ತಾರೆ ಎಂಬ ಜೋಕೊಂದನ್ನು ಅವನು ಎಲ್ಲಿಂದಲೋ ತಂದು ಗುಂಪಿಗೆ ಹಾಕಿದ. ಕೆಳಗೆ ಸಾಲಾಗಿ ನಗುವ ಮುಖಗಳು. ಆ ಸಾಲಿನಲ್ಲಿ ಸೋಮನಾಥನ ನಗುಮುಖವೂ ಇತ್ತು.

ಗುರುಬಸಪ್ಪನವರ ಮೈ ಉರಿದುಹೋಯಿತು. ಮಳೆಯಲ್ಲಿ, ಬಿಸಿಲಲ್ಲಿ, ಕಾಲಿನ ನರ ಗಂಟು ಕಟ್ಟುವ ತನಕ ನಿಂತು ಈ ಊರನ್ನು ಕೆಲಸಕ್ಕೆ ಮುಟ್ಟಿಸಿದ್ದಕ್ಕೆ ಇದು ಮರ್ಯಾದೆಯೇ? ತಮ್ಮ ಮನೆ ಎಬ್ಬಿಸಿದ್ದು ಬಸವಲಿಂಗಮ್ಮನವರ ಕಿವಿಯೋಲೆ ಮಾರಿ ಎಂದು ಇವರಿಗೆ ಗೊತ್ತೇ? ಸಿಟ್ಟಿನಲ್ಲಿ ಅಕ್ಷರಗಳೇ ಕಾಣದೆ, ಮೊಮ್ಮಗಳ ಕೈಗೆ ಫೋನು ಕೊಟ್ಟು, "ಈ ಗುಂಪಿಂದ ನನ್ನ ಆಚೆ ತೆಗಿ" ಅಂದರು. ಆ ಪಾರ್ಕಿನ ಕಡೆ ತಲೆ ಹಾಕುವುದನ್ನೂ ಬಿಟ್ಟು, ಮನೆಯ ಸುತ್ತಲಿನ ಕ್ರಾಸುಗಳಲ್ಲೇ ಕಾರುಗಳ ನಡುವೆ ನುಸುಳಿಕೊಂಡು ನಡೆಯತೊಡಗಿದರು.

ಮರುದಿನ ಸೋಮನಾಥ್ ನೋಯುವ ಮಂಡಿ ಎಳೆದುಕೊಂಡು ಆಟೊದಲ್ಲಿ ಬಂದ. "ಬೆರಳು ತಗುಲಿಬಿಡ್ತು ಕಣೋ. ಕನ್ನಡಕ ಹಾಕಿರ್ಲಿಲ್ಲ. ಏನು ಬರೆದಿದೆ ಅಂತಾನೂ ಓದಿಲ್ಲ" ಅಂದ.

ಗುರುಬಸಪ್ಪನವರು ಕಾಫಿ ತರಿಸಿದರು, ಉಪ್ಪಿಟ್ಟೂ ತರಿಸಿದರು. ಮಾತು ಮಾತ್ರ ಹೂಂ, ಉಹೂಂಗಳಲ್ಲೇ ಮುಗಿಸಿದರು. ಇನ್ನೆರಡು ದಿನ ಬಿಸಿ ಮುಟ್ಟಲಿ, ಆಮೇಲೆ ನಾನೇ ಹೋಗಿ ಮಾತಾಡಿಸಿದರಾಯಿತು ಅಂತ ಲೆಕ್ಕ. ಸೋಮನಾಥ್ ಗೇಟಿನ ಹತ್ತಿರ ಒಂದು ಸಲ ತಿರುಗಿ ನೋಡಿದ. ಇವರು ಪೇಪರು ಎತ್ತಿ ಹಿಡಿದರು.

ಆಮೇಲಿನ ವಾರ ಒಂದು ಮಧ್ಯಾಹ್ನ, ಅವರು ಊಟಕ್ಕೆ ಕೂತಿದ್ದಾಗ ಫೋನು ಬಂತು. ಮಾಡಿದವರು ಪಾರ್ಕಿನ ಗುಂಪಿನವರೇ ಆದ ಗಂಗಾಧರಯ್ಯ.

"ಸಾರ್, ಕಾರ್ಯ ಎಷ್ಟೊತ್ತಿಗೆ? ನೀವು ಬೆಳಿಗ್ಗೆಯಿಂದ ಅಲ್ಲೇ ಇರ್ತೀರಲ್ಲ ಅಂತ ನಿಮಗೇ ಮಾಡ್ದೆ."

"ಎಲ್ಲಿ? ಯಾವ ಕಾರ್ಯ?"

"ಸೋಮನಾಥ್ ಹೋಗ್ಬಿಟ್ರಲ್ಲ ಸಾರ್. ಬೆಳಗಿನ ಜಾವ, ನಿದ್ದೇಲೇ ಅಂತೆ. ಗ್ರೂಪಲ್ಲಿ ಆರೂವರೆಗೇ ಮೆಸೇಜ್ ಬಂದಿತ್ತು. ನಿಮಗೆ ಗೊತ್ತಿರುತ್ತೆ ಅಂತ ಎಲ್ಲರೂ ಅಂದ್ಕೊಂಡ್ವಿ."

ಕೈ ತೊಳೆದರೋ ಇಲ್ಲವೋ ಅವರಿಗೇ ನೆನಪಿಲ್ಲ. ಬಸವಲಿಂಗಮ್ಮನವರು ವಿಭೂತಿ ಗಟ್ಟಿ, ಒಂದು ಬಿಳಿ ಪಂಚೆ ಚೀಲಕ್ಕೆ ಹಾಕಿ ಕೊಟ್ಟರು. ಆಟೊದಲ್ಲಿ ಕೂತು ದಾರಿಯುದ್ದಕ್ಕೂ ಅವರು ಬೈಯುತ್ತಲೇ ಇದ್ದರು. ಗಂಗಾಧರಯ್ಯನನ್ನು ಬೈದರು, ಪಾಪಯ್ಯನನ್ನು ಬೈದರು. ಸಾವಿನ ಸುದ್ದಿಯನ್ನು ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ಮಧ್ಯೆ ತೂರಿಸುವ ಕಾಲವನ್ನು ಬೈದರು. ಸಿಗ್ನಲ್ಲಿನಲ್ಲಿ ಆಟೊದವನು, "ನಾನೇನ್ ಮಾಡ್ಲಿ ಸಾರ್, ಹಾರ್ಕೊಂಡ್ ಹೋಗ್ಲಾ?" ಅಂದಾಗ ಮಾತ್ರ ಸುಮ್ಮನಾದರು. ಹೊತ್ತು ಮೀರಿತ್ತು. ಈಗಾಗಲೇ ಮೈ ಬಿಗಿದಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯ ಮೌನೇಶ ಇದ್ದ. ಉತ್ತರ ಕರ್ನಾಟಕದಿಂದ ಬಂದು ಸುದ್ದಗುಂಟೆಪಾಳ್ಯದಲ್ಲಿ ಮನೆ ಮಾಡಿಕೊಂಡಿದ್ದ ಐವತ್ತರ ಮನುಷ್ಯ. ಗುರುಬಸಪ್ಪನವರನ್ನು ಕಂಡವನೇ ಲಿಫ್ಟಿನ ಕಡೆಗಲ್ಲ, ಕಾರುಗಳು ಇಳಿಯುವ ಇಳಿಜಾರಿನ ಕಡೆಗೆ ಕೈ ತೋರಿಸಿದ. "ಮ್ಯಾಲಿಲ್ರಿ ಯಪ್ಪಾ. ಕೆಳಗದಾರ" ಅಂದ.

ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಎರಡು ಕಾರುಗಳ ನಡುವೆ, ನೆಲದ ಮೇಲೆ 'ವಿಸಿಟರ್ಸ್' ಎಂದು ಬಳಿದಿದ್ದ ಜಾಗದಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆ ಗುಂಯ್‌ಗುಟ್ಟುತ್ತಿತ್ತು. ಒಳಗೆ ಸೋಮನಾಥನನ್ನು ಉದ್ದಕ್ಕೆ ಮಲಗಿಸಿಬಿಟ್ಟಿದ್ದರು. ಮೂಗಿಗೆ ಹತ್ತಿ. ಎತ್ತರದ ಆಳು ಪೆಟ್ಟಿಗೆಗೆ ಸರಿಯಾಗಿ ಹಿಡಿಸದೆ ಪಾದಗಳು ಗಾಜಿಗೆ ಒತ್ತಿಕೊಂಡಿದ್ದವು. ಪಕ್ಕದಲ್ಲಿ ಜ್ಯೋತ್ಸ್ನಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು.

"ಯಾರು ಇವನನ್ನ ಮಲಗಿಸಿದ್ದು?" ಎಂದು ಗುರುಬಸಪ್ಪನವರು ಕೇಳಿದರು. ಆ ದನಿ ಮೂವತ್ತು ವರ್ಷ ಬಸ್ಸಿನ ಗದ್ದಲವನ್ನು ದಾಟಿ ಕೊನೆಯ ಸೀಟಿಗೆ ಮುಟ್ಟುತ್ತಿದ್ದ ದನಿ. ಕಾರು ತೆಗೆಯಲು ಬಂದವರು ಅಲ್ಲೇ ನಿಂತರು.

ಅಸೋಸಿಯೇಷನ್ನಿನ ಸೆಕ್ರೆಟರಿ ಚಕ್ರಪಾಣಿ ಮುಂದೆ ಬಂದ. "ಸಾರ್, ಕೂಲ್ ಡೌನ್. ಬಾಕ್ಸ್ ಲಿಫ್ಟಲ್ಲಿ ಹೋಗಲ್ಲ. ಕಾಮನ್ ಹಾಲಲ್ಲಿ ಇಡೋಕೆ ಬೈಲಾ ಒಪ್ಪಲ್ಲ, ಇವತ್ತು ಅಲ್ಲಿ ಬರ್ತ್‌ಡೇ ಪಾರ್ಟಿ ಬೇರೆ ಇದೆ. ಮಾನವೀಯತೆ ಮೇಲೆ ನಾಲ್ಕು ಗಂಟೆ ತನಕ ಈ ಸ್ಲಾಟ್ ಕೊಟ್ಟಿದೀವಿ. ಎಲೆಕ್ಟ್ರಿಕ್ ಕ್ರಿಮಟೋರಿಯಂ ನಾನೇ ಬುಕ್ ಮಾಡ್ತೀನಿ ಅಂದ್ರೆ ಮೇಡಂ ಒಪ್ತಿಲ್ಲ."

"ಇದೇ ಮನೇಲಿ ಬದುಕಿದ್ದ ಮನುಷ್ಯ ಕಣಯ್ಯಾ ಅವನು. ಅವನಿಗೆ ವಿಸಿಟರ್ ಜಾಗ ಕೊಟ್ಟಿದೀಯಲ್ಲ, ನಿನಗೆ ನಾಚಿಕೆ ಆಗಲ್ವ?"

ಚಕ್ರಪಾಣಿ ಬಾಯಿ ತೆರೆಯುವಷ್ಟರಲ್ಲಿ ಅವರು ಪೆಟ್ಟಿಗೆ ತಂದಿದ್ದ ಏಜೆಂಟನ ಕಡೆ ತಿರುಗಿದ್ದರು. ಕೊರಳಲ್ಲಿ ಲಿಂಗ ಇರೋದು ಕಾಣ್ಲಿಲ್ವ, ಕೇಳ್ಬೇಕು ಅನ್ನಿಸ್ಲಿಲ್ವ ಎಂದು ಅವನನ್ನು ಜಾಡಿಸಿದರು. ಆಮೇಲೆ ಅದೇ ವೇಗದಲ್ಲಿ ಜ್ಯೋತ್ಸ್ನಾಳ ಕಡೆ ತಿರುಗಿ, "ನಿನಗಾದ್ರೂ ಬುದ್ಧಿ ಬೇಡ್ವೇನಮ್ಮ? ಒಂದು ಫೋನ್ ಮಾಡೋಕೆ ಆಗ್ಲಿಲ್ವ ನನಗೆ?" ಅಂದರು.

ಅವಳು ಎದ್ದು ನಿಂತಳು.

"ನಿಮ್ಮ ನಂಬರ್ ನನ್ನ ಹತ್ರ ಇರ್ಲಿಲ್ಲ ಅಂಕಲ್. ಅಪ್ಪನ ಫೋನಲ್ಲಿದೆ, ಅದಕ್ಕೆ ಬೆರಳಿನ ಲಾಕು. ಅಪ್ಪನ ಬೆರಳು ಹಿಡಿದು ಅದರ ಮೇಲೆ ಒತ್ತೋಕೆ ನನ್ನ ಕೈಲಿ ಆಗ್ಲಿಲ್ಲ. ನಿಮ್ಮ ಗ್ರೂಪಿಗೆ ಅಪ್ಪ ನನ್ನೂ ಸೇರಿಸಿದ್ರಲ್ಲ, ಅದರಲ್ಲಿ ಹಾಕ್ದೆ. ನೀವೇ ಕೂರಿಸ್ಬೇಕು ಅಂತ ಅಪ್ಪ ನನಗೂ ಹೇಳಿಟ್ಟಿದ್ರು. ಗುರುಬಸಪ್ಪ ಅಂಕಲ್ ಬೇಗ ಬನ್ನಿ, ಅಪ್ಪನ್ನ ಕೂರಿಸ್ಬೇಕು ಅಂತಾನೇ ಬರೆದೆ. ಒಂಬತ್ತು ಗಂಟೆವರೆಗೂ ಮಂಚದ ಮೇಲೇ ಇಟ್ಕೊಂಡು ಕಾದೆ. ಎಲ್ಲರೂ ಬೈದ್ರು, ಆಮೇಲೆ ಪೆಟ್ಟಿಗೆಗೆ ಹಾಕಿದ್ರು. ನೀವು ಗ್ರೂಪ್ ಬಿಟ್ಟಿದ್ದು ನನಗೆ ಗೊತ್ತಿರ್ಲಿಲ್ಲ."

ಗುರುಬಸಪ್ಪನವರು ಎತ್ತಿದ್ದ ಕೈ ಇಳಿಸಿದರು. ಆಟೊದಲ್ಲಿ ಲೋಕವನ್ನೆಲ್ಲ ಬೈದಿದ್ದರು, ಒಬ್ಬನನ್ನು ಮಾತ್ರ ಬಿಟ್ಟಿದ್ದರು. ಬೆಳಗಿನಿಂದ ಈ ಮಗು ಬಾಗಿಲು ನೋಡುತ್ತಾ ಕೂತಿದ್ದಾಗ ಅವರು ಮನೆಯಲ್ಲಿ ಪೇಪರು ಓದಿ, ಪೇಪರನ್ನೂ ಬೈದು, ಸ್ನಾನ ಮಾಡಿ, ನೆಮ್ಮದಿಯಾಗಿ ಊಟಕ್ಕೆ ಕೂತಿದ್ದರು. ಇಲ್ಲಿಂದ ಅವರ ಮನೆ ಆಟೊದಲ್ಲಿ ಕಾಲು ಗಂಟೆಯ ದಾರಿ. ತಮ್ಮ ಮೇಲೆಯೇ ಅವರಿಗೆ ಅಸಹ್ಯ ಬಂತು.

"ಮೌನೇಶಪ್ಪ, ಆ ಪ್ಲಗ್ ಕೀಳು" ಅಂದರು. "ಬಿಸಿನೀರು ಬೇಕು. ಎಷ್ಟಾದ್ರೆ ಅಷ್ಟು."

ಪೆಟ್ಟಿಗೆಯ ಸದ್ದು ನಿಂತಿತು. ಮೌನೇಶ ತನ್ನ ಗೂಡಿನಲ್ಲಿದ್ದ ನೀರು ಕಾಯಿಸುವ ಕಾಯಿಲನ್ನು ಬಕೆಟ್ಟಿಗೆ ಹಾಕಿ, ಕಾದಂತೆ ಕಾದಂತೆ ಹೊತ್ತು ತಂದ. ಚಾಪೆ ಹಾಸಿ ಸೋಮನಾಥನನ್ನು ಹೊರಗೆ ತೆಗೆದರು. ಮೈ ಮರಗಟ್ಟಿತ್ತು. ಗುರುಬಸಪ್ಪನವರು ನೆಲಕ್ಕೆ ಕೂತು, ಟವೆಲ್ಲು ಅದ್ದಿ ಹಿಂಡಿ, ಎಡ ಮಂಡಿಗೆ ಸುತ್ತಿ ಎರಡೂ ಕೈಯಲ್ಲಿ ತೀಡತೊಡಗಿದರು. ಜ್ಯೋತ್ಸ್ನಾ ಸುಮ್ಮನೆ ನೋಡುತ್ತಿದ್ದವಳು ತಾನೂ ಬಂದು ಎದುರಿಗೆ ಕೂತಳು.

"ಹೇಗೆ ಅಂತ ಹೇಳಿಕೊಡಿ ಅಂಕಲ್."

"ಮಂಡಿಯ ಹಿಂದೆ ಹಿಡ್ಕೊ. ಅಲ್ಲಲ್ಲ, ಕೆಳಗೆ. ಜಗ್ಗಬೇಡ. ಬಿಸಿ ಇಳಿಯೋ ತನಕ ಒತ್ತು, ಆಮೇಲೆ ಒಂದು ಚೂರು ಮಡಚು. ಮತ್ತೆ ಬಿಸಿ. ಬೆನ್ನಿಗೂ ಹಾಗೇ."

ಎಡಗಾಲು ಬಹಳ ಹೊತ್ತಿಗೆ ಮಣಿಯಿತು. ಬಲಗಾಲು ಮಣಿಯಲಿಲ್ಲ. ಅದು ಬದುಕಿದ್ದಾಗಲೂ ಮಾತು ಕೇಳದ ಮಂಡಿ. ನಾಲ್ಕು ಗಂಟೆಯಾಯಿತೆಂದು ಚಕ್ರಪಾಣಿ ಎರಡು ಸಲ ಬಂದು ಕೆಮ್ಮಿ ಹೋದ. ಏಜೆಂಟು ಹತ್ತಿರ ಬಂದು, ದನಿ ತಗ್ಗಿಸಿ, "ಸಾರ್, ಒಂದೇ ಏಟು. ಮೇಡಂನ ಆಚೆ ಕಳಿಸಿ. ಎಲ್ಲಾ ಕಡೆ ಹಾಗೇ ಮಾಡೋದು, ಪಟ್ ಅಂತ ಮಡಚುತ್ತೆ" ಅಂದ.

"ಮುಟ್ಟಿ ನೋಡು" ಅಂದರು ಗುರುಬಸಪ್ಪನವರು. ಅಷ್ಟೇ ಅಂದದ್ದು. ಅವನು ಹಿಂದೆ ಸರಿದು ಕಂಬದ ಹತ್ತಿರ ಹೋಗಿ ನಿಂತ.

ಜ್ಯೋತ್ಸ್ನಾ ಅಪ್ಪನ ಬಲ ಪಾದವನ್ನು ಮಡಿಲಿಗೆ ತೆಗೆದುಕೊಂಡಳು. ಬಿಸಿ ಟವೆಲ್ಲು ಸುತ್ತಿ, ಮಗುವನ್ನು ಮಲಗಿಸುವವಳಂತೆ ತಟ್ಟುತ್ತಾ, "ಮಡಚಪ್ಪಾ. ಅಂಕಲ್ ಬಂದಿದಾರೆ ನೋಡು, ಮಡಚು" ಅನ್ನತೊಡಗಿದಳು. ನೀರು ಆರುತ್ತಿತ್ತು, ಮೌನೇಶ ಮತ್ತೆ ತರುತ್ತಿದ್ದ. ಕೊನೆಗೆ ಆ ಕಾಲು ಅರ್ಧ ಮಡಚಿ ಅಲ್ಲೇ ನಿಂತಿತು, ಮಂಡಿ ಮೇಲಕ್ಕೆ ಎದ್ದುಕೊಂಡು.

"ಸಾಕು ಬಿಡಮ್ಮ. ಇಷ್ಟಕ್ಕೇ ಕೂತ್ಕೊಳ್ತಾನೆ" ಅಂದರು. ಇಬ್ಬರೂ ಸೇರಿ ಅವನನ್ನು ಕಂಬಕ್ಕೆ ಒರಗಿಸಿದರು. ಬೆನ್ನು ನೆಟ್ಟಗಾಯಿತು. ಗಲ್ಲ ಜೋಲದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದು, ಬಿಳಿ ಪಂಚೆ ಹೊದಿಸಿದರು. ಜ್ಯೋತ್ಸ್ನಾ ಮೇಲಿನಿಂದ ಊಟದ ಮೇಜಿನ ಕುರ್ಚಿ ತರಿಸಿದಳು. ಸೋಮನಾಥ್ ಆ ಕುರ್ಚಿಯಲ್ಲಿ ಕೂತು, ಇಳಿಜಾರನ್ನು ಹತ್ತಿ, ಮುಂದಿನ ದೊಡ್ಡ ಗೇಟಿನಿಂದಲೇ ಹೊರಟ. ಹಿಂದಿನ ಗೇಟು ಎಂದು ಏನೋ ಹೇಳಲು ಹೊರಟ ಚಕ್ರಪಾಣಿ, ಕುರ್ಚಿಯ ಹಿಂದಿನ ಕಾಲು ಹಿಡಿದಿದ್ದ ಗುರುಬಸಪ್ಪನವರ ಮುಖ ನೋಡಿ, ತಾನೇ ಹೋಗಿ ಗೇಟು ತೆಗೆದ.

ಬನಶಂಕರಿ ಕಡೆಯ ರುದ್ರಭೂಮಿಯಲ್ಲಿ ಕತ್ತಲಾಗುವುದರೊಳಗೆ ಕೆಲಸ ಮುಗಿಯಿತು. ಕೂರಿಸುವ ಗುಣಿಯನ್ನೇ ತೋಡಿದ್ದರು. ಅಯ್ಯನವರು ಮಂತ್ರ ಹೇಳಿದರು. ಎಡ ಅಂಗೈ ಬಿಡಿಸಿ ಲಿಂಗವಿಟ್ಟವಳು ಜ್ಯೋತ್ಸ್ನಾ. ಬಂದಿದ್ದವರಲ್ಲಿ ಯಾರೋ, ಹೆಣ್ಣುಮಕ್ಕಳು ಇಳೀಬಾರದು ಅಂತ ಶುರುಮಾಡಿದರು. ಗುರುಬಸಪ್ಪನವರು ಅತ್ತ ಒಂದು ಸಲ ನೋಡಿದರು, ಆ ಮಾತು ಅಲ್ಲಿಗೇ ನಿಂತಿತು. ಪಾಪಯ್ಯನೂ ಬಂದಿದ್ದ, ದೂರದಲ್ಲಿ ಕೈಕಟ್ಟಿ ನಿಂತಿದ್ದ. ಅವನನ್ನು ಬೈಯಬೇಕೆಂದು ಮಧ್ಯಾಹ್ನದಿಂದ ಕೂಡಿಟ್ಟಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ, ಅವರಿಗೆ ಒಂದೂ ನೆನಪಾಗಲಿಲ್ಲ.

ಮಣ್ಣು ಹಾಕಿ, ಕಾಲು ತೊಳೆದು, ಎಲ್ಲರೂ ಹೊರಟ ಮೇಲೆ ಅವರು ನಲ್ಲಿಯ ಹತ್ತಿರ ನಿಂತಿದ್ದರು. ಜ್ಯೋತ್ಸ್ನಾ ಬಂದಳು. ಅವಳ ಅಂಗೈಗಳು ಬಿಸಿನೀರಿಗೆ ಬೆಂದು ಕೆಂಪಗೆ ಸುಕ್ಕುಗಟ್ಟಿದ್ದವು.

"ನಾನು ಬೇಗ ಬಂದಿದ್ರೆ ಪೂರ್ತಿ ಮಡಚ್ತಿತ್ತಮ್ಮ ಆ ಕಾಲು" ಅಂದರು ಗುರುಬಸಪ್ಪನವರು. "ಮಾತು ಕೊಟ್ಟಿದ್ದೆ. ಅರ್ಧಕ್ಕೇ ಬಿಟ್ಟೆ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅಂಕಲ್, ನಿಮ್ಮ ಲೇಔಟಲ್ಲಿ ಎಲ್ಲರನ್ನೂ ನೀವೇ ಕೂರಿಸೋದು ಅಂತ ಅಪ್ಪ ಹೇಳ್ತಿದ್ರು. ನಿಮ್ಮನ್ನ ಯಾರು ಕೂರಿಸ್ತಾರೆ?"

ಕೂರಿಸಲು ತಿಳಿದಿದ್ದವರಲ್ಲಿ ಅರ್ಧ ಜನ ಹೋಗಿದ್ದರು. ಉಳಿದರ್ಧ ಜನರೊಡನೆ ಒಂದಲ್ಲ ಒಂದು ಕಾರಣಕ್ಕೆ ಮಾತು ಬಿಟ್ಟಾಗಿತ್ತು. ಬೆಂಗಳೂರಿಗೆ ಬಂದ ಮೇಲೆ ಈ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ.

"ಈಗ ನನಗೆ ಗೊತ್ತಾಯ್ತಲ್ಲ" ಅಂದಳು ಜ್ಯೋತ್ಸ್ನಾ. "ನಾನು ಬರ್ತೀನಿ. ಬೇಗ ಬರ್ತೀನಿ."

ಗುರುಬಸಪ್ಪನವರು ಮುಖಕ್ಕೆ ನೀರು ಎರಚಿಕೊಂಡರು. ಮತ್ತೊಮ್ಮೆ ಎರಚಿಕೊಂಡರು. ಆಮೇಲೆ ಪಂಚೆಯ ತುದಿಯಿಂದ ಒರೆಸಿಕೊಂಡು, "ಫೋನ್ ತೆಗಿ. ನನ್ನ ನಂಬರ್ ಹಾಕ್ಕೊ, ನಿಮ್ಮ ಆಂಟೀದೂ ಹಾಕ್ಕೊ" ಅಂದು, ಒಂದೊಂದೇ ಅಂಕಿಯನ್ನು ನಿಧಾನವಾಗಿ ಹೇಳತೊಡಗಿದರು.